ಎಸ್‌ಯು ಇಂಧನ ಪಂಪು: ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳಲ್ಲಿ ದುರಸ್ತಿ ಮತ್ತು ಬದಲಾವಣೆ

ಟ್ಯಾಂಕಿನ ಪೆಟ್ರೋಲನ್ನು ವಿದ್ಯುತ್ಕಾಂತದಿಂದ ಎಳೆದು, ಸ್ಪ್ರಿಂಗಿನ ಬಲದಿಂದ ಕಾರ್ಬ್ಯುರೇಟರಿಗೆ ತಳ್ಳುವ ಪಂಪು. 1930ರ ದಶಕದಿಂದ 1980ರವರೆಗೆ ಬ್ರಿಟನ್ನಿನಲ್ಲಿ ತಯಾರಾದ ಎಂಜಿ, ಜಾಗ್ವಾರ್, ಆಸ್ಟಿನ್-ಹೀಲಿ ಸ್ಪೋರ್ಟ್ಸ್ ಕಾರುಗಳ ಪೈಕಿ ಹೆಚ್ಚಿನವುಗಳಲ್ಲಿ ಇದೇ ಇತ್ತು. ಮಾರಿಸ್ ಮೈನರಿನಂಥ ಸಂಸಾರಸ್ಥರ ಕಾರಿನಲ್ಲೂ ಇತ್ತು. ಕೀಲಿ ತಿರುಗಿಸಿದ ಕೂಡಲೇ ಟಕಟಕ ಬಡಿಯತೊಡಗಿ, ಕಾರ್ಬ್ಯುರೇಟರ್ ತುಂಬಿದ ಹಾಗೆ ನಿಧಾನವಾಗಿ, ಕೊನೆಗೆ ಸುಮ್ಮನಾಗುವುದು ಇದರ ಗುರುತು. ಹಳೆಯ ಕಾರಿನ ಒಡೆಯರಲ್ಲಿ ಈ ಪಂಪಿಗೆ ಅಷ್ಟೇನೂ ಒಳ್ಳೆಯ ಹೆಸರಿಲ್ಲ; ನಡುದಾರಿಯಲ್ಲಿ ಕೈಕೊಡುತ್ತದೆ ಎಂಬುದು ದೂರು. ಆ ದೂರಿನಲ್ಲಿ ಸತ್ಯವೂ ಇದೆ, ಅನ್ಯಾಯವೂ ಇದೆ. ಪಂಪಿನ ತಲೆಗೆ ಕಟ್ಟುವ ದೋಷಗಳಲ್ಲಿ ಎಷ್ಟೋ ಅರ್ತ್ ತಂತಿಯವು, ಟ್ಯಾಂಕಿನೊಳಗಿನ ತುಕ್ಕಿನವು, ಹಳಸಿದ ರಬ್ಬರ್ ಹೋಸಿನವು. ಬಿಚ್ಚಿ ಎಸೆಯುವ ಮೊದಲು ಅದರ ಸದ್ದನ್ನು ಕೇಳಲು ಕಲಿತವನಿಗೆ ಹೊಸ ಪಂಪಿನ ಖರ್ಚು ಅನೇಕ ಸಲ ಉಳಿಯುತ್ತದೆ.

ಹಿನ್ನೆಲೆ

ಮೊದಮೊದಲ ಕಾರುಗಳಲ್ಲಿ ಪಂಪೇ ಇರಲಿಲ್ಲ. ಟ್ಯಾಂಕನ್ನು ಎತ್ತರದಲ್ಲಿಟ್ಟರೆ ಪೆಟ್ರೋಲು ತಾನೇ ಇಳಿದು ಬರುತ್ತಿತ್ತು. ವೇಗದ ಕಾರುಗಳಿಗೆ ದೊಡ್ಡ ಟ್ಯಾಂಕು ಬೇಕಾಯಿತು, ಅದು ಹಿಂದಕ್ಕೆ, ಕೆಳಕ್ಕೆ ಹೋಯಿತು. ಆಗ ಪೆಟ್ರೋಲನ್ನು ಮುಂದಕ್ಕೆ ತರುವ ಪ್ರಶ್ನೆ ಹುಟ್ಟಿತು. ಬುಗಾಟಿ ಟೈಪ್ 35ರಂಥ ರೇಸ್ ಕಾರುಗಳಲ್ಲಿ ಕೈಪಂಪಿನಿಂದ ಟ್ಯಾಂಕಿಗೆ ಗಾಳಿ ತುಂಬಿ, ಆ ಒತ್ತಡದಿಂದ ಪೆಟ್ರೋಲು ಹರಿಸುತ್ತಿದ್ದರು. 1920ರ ದಶಕದ ಬೆಂಟ್ಲಿಗಳಲ್ಲಿ ಆಟೋವ್ಯಾಕ್ ಎಂಬ ಪುಟ್ಟ ತೊಟ್ಟಿ ಇತ್ತು. ಎಂಜಿನ್ನು ಉಸಿರೆಳೆಯುವಾಗ ಉಂಟಾಗುವ ನಿರ್ವಾತವನ್ನೇ ಬಳಸಿ ಅದು ಪೆಟ್ರೋಲನ್ನು ಮೇಲೆಳೆಯುತ್ತಿತ್ತು. ಜಾಣ ಉಪಾಯವೇ. ಆದರೆ ಉದ್ದನೆಯ ಏರಿನಲ್ಲಿ ಥ್ರಾಟಲ್ ಪೂರ್ತಿ ತೆರೆದಾಗ ನಿರ್ವಾತ ಕುಗ್ಗುತ್ತದೆ. ಪೆಟ್ರೋಲು ಹೆಚ್ಚು ಬೇಕಾದ ಹೊತ್ತಿಗೇ ಅದು ಕಡಿಮೆ ಕೊಡುತ್ತಿತ್ತು.

ಎಸ್‌ಯು ಎಂದರೆ ಸ್ಕಿನ್ನರ್ಸ್ ಯೂನಿಯನ್. ಲಂಡನ್ನಿನ ಹೆಸರಾಂತ ಪಾದರಕ್ಷೆ ವ್ಯಾಪಾರದ ಮನೆತನಕ್ಕೆ ಸೇರಿದ ಸ್ಕಿನ್ನರ್ ಸಹೋದರರು ಕಾರ್ಬ್ಯುರೇಟರ್ ತಯಾರಿಸಲೆಂದು ಕಟ್ಟಿದ ಸಂಸ್ಥೆ ಇದು. ಅವರ ಮೊದಲ ಕಾರ್ಬ್ಯುರೇಟರುಗಳಲ್ಲಿ ಚರ್ಮದ ತಿದಿಯೇ ಇದ್ದದ್ದು ಆ ಕಸುಬಿನ ನಂಟನ್ನು ನೆನಪಿಸುತ್ತದೆ. 1926ರಲ್ಲಿ ಕಾರು ತಯಾರಕ ವಿಲಿಯಂ ಮಾರಿಸ್ ಈ ಸಂಸ್ಥೆಯನ್ನು ಕೊಂಡ. ಮಾರಿಸ್ ಗ್ಯಾರೇಜಸ್ ಹೆಸರಿನಿಂದಲೇ ಹುಟ್ಟಿದ ಎಂಜಿ ಕಾರುಗಳಿಗೆ ಎಸ್‌ಯು ಕಾರ್ಬ್ಯುರೇಟರು, ಎಸ್‌ಯು ಪಂಪು ಮನೆಯ ಸರಕಾಯಿತು. 1920ರ ದಶಕದ ಕೊನೆಯಲ್ಲಿ ಪೆಟ್ರೋಲಿಫ್ಟ್ ಎಂಬ ವಿದ್ಯುತ್ ಸಾಧನದೊಂದಿಗೆ ಆರಂಭವಾದ ಪ್ರಯೋಗ ಮುಂದಿನ ದಶಕದಲ್ಲಿ ನಾವಿಂದು ಕಾಣುವ ಡಯಾಫ್ರಾಮ್ ಪಂಪಿನ ರೂಪ ತಾಳಿತು.

ರಚನೆ ಮತ್ತು ಕೆಲಸ

ಪಂಪಿಗೆ ಎರಡು ಭಾಗ. ಒಂದು ತುದಿಯಲ್ಲಿ ಪೆಟ್ರೋಲು ಓಡಾಡುವ ಲೋಹದ ಕೋಣೆ, ಅದರಲ್ಲಿ ಒಳಬರುವ ವಾಲ್ವು, ಹೊರಹೋಗುವ ವಾಲ್ವು, ಒಂದು ಜಾಲರಿ. ಇನ್ನೊಂದು ತುದಿಯಲ್ಲಿ ತಾಮ್ರದ ಕಾಯಿಲ್ ಇರುವ ಉಕ್ಕಿನ ಕವಚ. ಅದರ ತಲೆಯ ಮೇಲೆ ಕಪ್ಪು ಮುಚ್ಚಳದಡಿ ಕರೆಂಟನ್ನು ಕೂಡಿಸಿ ಕಡಿಯುವ ಪಾಯಿಂಟುಗಳು. ಇವೆರಡರ ನಡುವೆ ಡಯಾಫ್ರಾಮ್. ಡಯಾಫ್ರಾಮಿಗೆ ಕಬ್ಬಿಣದ ಬಿಲ್ಲೆಯೊಂದು ಅಂಟಿಕೊಂಡಿರುತ್ತದೆ. ಬಿಲ್ಲೆ ಅತ್ತಿತ್ತ ಸರಿಯದೆ ನೇರವಾಗಿ ಚಲಿಸಲೆಂದು ಅದರ ಸುತ್ತ ಹನ್ನೊಂದು ಹಿತ್ತಾಳೆ ರೋಲರುಗಳಿರುತ್ತವೆ. ಇತ್ತೀಚಿನ ತಯಾರಿಕೆಯಲ್ಲಿ ಅವುಗಳ ಜಾಗಕ್ಕೆ ಪ್ಲಾಸ್ಟಿಕ್ಕಿನ ಒಂದೇ ಬಳೆ ಬಂದಿದೆ.

ಕೀಲಿ ತಿರುಗಿಸಿದಾಗ ಪಾಯಿಂಟುಗಳು ಕೂಡಿಕೊಂಡಿದ್ದರೆ ಕಾಯಿಲಿಗೆ ವಿದ್ಯುತ್ತು ಹರಿದು ಬಿಲ್ಲೆಯನ್ನು ತನ್ನತ್ತ ಸೆಳೆಯುತ್ತದೆ. ಡಯಾಫ್ರಾಮ್ ಹಿಂದಕ್ಕೆ ಬಂದು, ಕಮ್ಮಾರನ ತಿದಿ ಗಾಳಿಯೆಳೆಯುವಂತೆ, ಟ್ಯಾಂಕಿನಿಂದ ಪೆಟ್ರೋಲನ್ನು ಎಳೆದುಕೊಳ್ಳುತ್ತದೆ. ಎಳೆತದ ಕೊನೆಯಲ್ಲಿ ಬಿಲ್ಲೆಯ ಕಡ್ಡಿ ಮೇಲಿನ ಮಗುಚು ಸಾಧನವನ್ನು ತಟ್ಟಿ ಪಾಯಿಂಟುಗಳನ್ನು ಬೇರ್ಪಡಿಸುತ್ತದೆ. ಕಾಂತಶಕ್ತಿ ಹೋಯಿತು, ಈಗ ಸ್ಪ್ರಿಂಗು ಡಯಾಫ್ರಾಮನ್ನು ಮುಂದಕ್ಕೆ ತಳ್ಳಿ ಪೆಟ್ರೋಲನ್ನು ಕಾರ್ಬ್ಯುರೇಟರಿನತ್ತ ಕಳಿಸುತ್ತದೆ. ಆ ತುದಿ ಮುಟ್ಟಿದಾಗ ಪಾಯಿಂಟುಗಳು ಮತ್ತೆ ಕೂಡುತ್ತವೆ. ನಾವು ಕೇಳುವ ಟಕ್ಕೆನ್ನುವ ಸದ್ದು ಈ ಮಗುಚುವಿಕೆಯದು.

ವಿದ್ಯುತ್ತಿನ ಕೆಲಸ ಎಳೆಯುವುದು ಮಾತ್ರ, ತಳ್ಳುವುದು ಸ್ಪ್ರಿಂಗಿನ ಪಾಲು. ಈ ವಿನ್ಯಾಸದ ಚೆಂದ ಇರುವುದು ಇಲ್ಲಿ. ಬ್ಯಾಟರಿ ಬಲವಾಗಿರಲಿ, ಸೊರಗಿರಲಿ, ಪೆಟ್ರೋಲಿನ ಒತ್ತಡ ಸ್ಪ್ರಿಂಗು ಕೊಡುವುದಕ್ಕಿಂತ ಮೇಲೇರುವುದಿಲ್ಲ. ಕಾರ್ಬ್ಯುರೇಟರಿನ ಫ್ಲೋಟ್ ಚೇಂಬರ್ ತುಂಬಿ ಸೂಜಿವಾಲ್ವು ಮುಚ್ಚಿದರೆ ಸ್ಪ್ರಿಂಗು ಮುಂದೆ ಸಾಗಲಾರದೆ ನಿಲ್ಲುತ್ತದೆ, ಪಾಯಿಂಟುಗಳು ಬೇರ್ಪಟ್ಟೇ ಇರುತ್ತವೆ, ಪಂಪು ಒಂದಿಷ್ಟೂ ಕರೆಂಟು ತಿನ್ನದೆ ಕಾಯುತ್ತದೆ. ಹರಿವನ್ನು ಹಿಂದಕ್ಕೆ ಕಳಿಸುವ ಇನ್ನೊಂದು ಪೈಪಾಗಲಿ, ಒತ್ತಡ ನಿಯಂತ್ರಕವಾಗಲಿ ಬೇಕಿಲ್ಲ.

ಮುಖ್ಯ ಮಾದರಿಗಳು ಎರಡು. ‘ಎಲ್’ ಮಾದರಿಯದು ಗಿಡ್ಡ ದೇಹ, ಕಡಿಮೆ ಒತ್ತಡ. ಅದು ಎಂಜಿನ್ನಿನ ಹಿಂದಿನ ಗೋಡೆಯ ಮೇಲೆ, ಕಾರ್ಬ್ಯುರೇಟರಿಗೆ ಹತ್ತಿರವಾಗಿ ಕೂರುತ್ತದೆ. 1945ರಿಂದ 1949ರವರೆಗೆ ಬಂದ ಎಂಜಿ ಟಿಸಿ ಕಾರಿನಲ್ಲೂ ಮಾರಿಸ್ ಮೈನರಿನಲ್ಲೂ ಇದ್ದದ್ದು ಇದು. ‘ಎಚ್‌ಪಿ’ ಮಾದರಿಯ ಕಾಯಿಲ್ ಕವಚ ಉದ್ದ, ಸ್ಪ್ರಿಂಗು ಬಲವಾದದ್ದು. ಹಿಂದೆ ಟ್ಯಾಂಕಿನ ಬಳಿ ಕೂತು ದೂರಕ್ಕೆ ತಳ್ಳಬಲ್ಲದು. ಎಂಜಿಎಯಲ್ಲಿ ಇದಿತ್ತು. 1962ರಿಂದ 1980ರವರೆಗೆ ಐದು ಲಕ್ಷಕ್ಕೂ ಹೆಚ್ಚು ತಯಾರಾದ ಎಂಜಿಬಿಯಲ್ಲಿ ಬಹುಕಾಲ ಇದ್ದದ್ದು ಇದರ ಮುಂದಿನ ಪೀಳಿಗೆಯ ಎಯುಎಫ್ 300. ಅದರ ಒತ್ತಡ ಸುಮಾರು 2.5ರಿಂದ 3 ಪಿಎಸ್ಐ. ಗಂಟೆಗೆ 15 ಬ್ರಿಟಿಷ್ ಗ್ಯಾಲನ್, ಅಂದರೆ ಸುಮಾರು 68 ಲೀಟರ್ ಕೊಡಬೇಕು. ಒಂದು ಮಾದರಿಯ ಜಾಗದಲ್ಲಿ ಇನ್ನೊಂದನ್ನು ಕೂರಿಸಿ ಪೇಚಿಗೆ ಸಿಕ್ಕವರು ಕಡಿಮೆಯಿಲ್ಲ.

ರೋಗ ಪತ್ತೆ

ಪಂಪು ತನ್ನ ಸ್ಥಿತಿಯನ್ನು ತಾನೇ ಹೇಳುತ್ತದೆ. ಎಂಜಿನ್ ಚಾಲೂ ಮಾಡದೆ ಕೀಲಿಯನ್ನಷ್ಟೇ ತಿರುಗಿಸಿ ಕಿವಿಗೊಡಬೇಕು. ಮೊದಲು ಬಿರುಸಾಗಿ ಬಡಿದು, ಕೆಲವೇ ಕ್ಷಣಗಳಲ್ಲಿ ನಿಂತು, ಆಮೇಲೆ ಬಹಳ ಹೊತ್ತಿಗೊಮ್ಮೆ ಟಕ್ಕೆಂದರೆ ಆರೋಗ್ಯ.

ಬಿರುಸಾದ ಬಡಿತ ನಿಲ್ಲುವುದೇ ಇಲ್ಲವೆಂದರೆ ಮೊದಲು ಟ್ಯಾಂಕಿನಲ್ಲಿ ಪೆಟ್ರೋಲು ಇದೆಯೇ ನೋಡಬೇಕು. ಹಳೆಯ ಮೀಟರಿನ ಮುಳ್ಳನ್ನು ನಂಬಿ ಈ ಹಂತವನ್ನು ದಾಟಿಬಿಡುವವರೇ ಹೆಚ್ಚು. ಪೆಟ್ರೋಲು ಇದ್ದೂ ಹೀಗಾದರೆ ಟ್ಯಾಂಕಿಗೂ ಪಂಪಿಗೂ ನಡುವೆ ಎಲ್ಲೋ ಗಾಳಿ ಸೇರುತ್ತಿದೆ: ಸಡಿಲವಾದ ಯೂನಿಯನ್, ಬಿರುಕು ಬಿಟ್ಟ ಹೋಸು, ಗಟ್ಟಿಯಾದ ವಾಷರ್. ಈ ಕಡೆ ಪೆಟ್ರೋಲು ಸೋರಿ ಕಾಣಿಸುವುದಿಲ್ಲ, ಏಕೆಂದರೆ ಇದು ಎಳೆತದ ಭಾಗ. ಗಾಳಿ ಒಳಗೆ ಹೋಗುತ್ತದೆ ಹೊರತು ಪೆಟ್ರೋಲು ಹೊರಬರುವುದಿಲ್ಲ. ವಾಲ್ವಿನ ಕೆಳಗೆ ಕಸ ಸಿಕ್ಕಿದರೂ ಇದೇ ಲಕ್ಷಣ. ಇನ್ನೊಂದು ಸಾಧ್ಯತೆ ಅಪಾಯಕಾರಿ: ಫ್ಲೋಟ್ ಚೇಂಬರಿನ ಸೂಜಿವಾಲ್ವು ಮುಚ್ಚದೆ ಪೆಟ್ರೋಲು ಉಕ್ಕಿ ಹೊರಗೆ ಹರಿಯುತ್ತಿರಬಹುದು. ಆದ್ದರಿಂದ ಬಡಿತ ನಿಲ್ಲದಿದ್ದರೆ ಕೂಡಲೇ ಬಾನೆಟ್ ಎತ್ತಿ ನೋಡಬೇಕು.

ಬಡಿತ ನಿಧಾನವಾಗಿ, ತಿಣುಕಿದಂತೆ ಕೇಳಿ ಪಂಪು ಮುಟ್ಟಿದರೆ ಬಿಸಿಯಾಗಿದ್ದಾಗ ಎಳೆತದ ದಾರಿ ಕಟ್ಟಿಕೊಂಡಿದೆ ಎಂದರ್ಥ. ಎಳೆಯುವಷ್ಟು ಹೊತ್ತೂ ಪಾಯಿಂಟುಗಳು ಕೂಡಿರುತ್ತವೆ, ಕಾಯಿಲಿಗೆ ಕರೆಂಟು ಬಿಡುವಿಲ್ಲದೆ ಹರಿಯುತ್ತದೆ. ಹಾಗೆಯೇ ಬಿಟ್ಟರೆ ಕಾಯಿಲ್ ಸುಟ್ಟುಹೋಗುತ್ತದೆ. ಟ್ಯಾಂಕಿನ ಮುಚ್ಚಳ ತೆಗೆದಾಗ ಸುಯ್ಯೆಂದು ಗಾಳಿ ಒಳನುಗ್ಗಿ, ಪಂಪು ಚುರುಕಾದರೆ ತಪ್ಪು ಟ್ಯಾಂಕಿನ ಗಾಳಿರಂಧ್ರದ್ದು. ಒಂದು ತಂತಿಯ ಚೂರು ಸಾಕಾಗುವ ಈ ಕೆಲಸಕ್ಕೆ ಪಂಪನ್ನೇ ಬದಲಿಸಿದ ಉದಾಹರಣೆಗಳು ಎಲ್ಲ ಕ್ಲಬ್ಬುಗಳಲ್ಲೂ ಸಿಗುತ್ತವೆ.

ಸದ್ದೇ ಇಲ್ಲದಿದ್ದರೆ ವಿದ್ಯುತ್ತಿನ ಕಡೆ ತಿರುಗಬೇಕು. ಬ್ರಿಟಿಷ್ ಕಾರುಗಳ ಲೂಕಾಸ್ ವೈರಿಂಗಿನಲ್ಲಿ ಪಂಪಿಗೆ ಬರುವುದು ಬಿಳಿ ತಂತಿ, ಅರ್ತಿಗೆ ಹೋಗುವುದು ಕಪ್ಪು ತಂತಿ. ಎಂಜಿಬಿಯಲ್ಲಿ ಪಂಪು ಹಿಂಬದಿಯ ಬಲಚಕ್ರದ ಮುಂದೆ ಇರುವುದರಿಂದ ಮಳೆನೀರು, ಕೆಸರು ಅಲ್ಲಿಗೇ ರಾಚುತ್ತದೆ. ಕಪ್ಪು ತಂತಿಯ ತುದಿ ಹಸಿರುಗಟ್ಟಿ ಕೂತಿರುತ್ತದೆ. ಮಲ್ಟಿಮೀಟರಿನಲ್ಲಿ 12 ವೋಲ್ಟ್ ಕಂಡಿತೆಂದು ಸಮಾಧಾನಪಡಬಾರದು. ಪಂಪಿಗೆ ಜೋಡಿಸಿರುವಾಗಲೇ ಅಳೆಯಬೇಕು, ಇಲ್ಲವೇ ಬ್ಯಾಟರಿಯ ಅರ್ತ್ ತುದಿಯಿಂದ ಪಂಪಿನ ಮೈಗೆ ನೇರವಾಗಿ ಒಂದು ತಂತಿ ಎಳೆದು ನೋಡಬೇಕು. ತಂತಿಗಳೆಲ್ಲ ಸರಿಯಿದ್ದೂ ಸದ್ದಿಲ್ಲವೆಂದರೆ ಉಳಿಯುವುದು ಪಾಯಿಂಟು.

ಸ್ಪ್ಯಾನರಿನ ಹಿಡಿಯಿಂದ ಪಂಪಿಗೆ ಮೆಲ್ಲಗೆ ತಟ್ಟಿ ಎಬ್ಬಿಸುವ ಪದ್ಧತಿ ಲೋಕಪ್ರಸಿದ್ಧ. ಇದು ಮೂಢನಂಬಿಕೆಯೇನೂ ಅಲ್ಲ. ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ಪಾಯಿಂಟುಗಳ ಮೇಲೆ ತೆಳುವಾದ ಪೊರೆ ಕಟ್ಟಿ ಕರೆಂಟು ದಾಟದಂತಾಗುತ್ತದೆ. ತಟ್ಟಿದಾಗ ಪಾಯಿಂಟುಗಳು ಅಲುಗಿ ಪೊರೆ ಹರಿಯುತ್ತದೆ. ಮನೆ ತಲುಪಲು ಇಷ್ಟು ಸಾಕು. ಮುಚ್ಚಳವನ್ನೇ ಒಡೆಯುವಷ್ಟು ಜೋರಾಗಿ ಹೊಡೆದರೆ ಮಾತ್ರ ದುರಸ್ತಿಯ ಪಟ್ಟಿ ಬೆಳೆಯುತ್ತದೆ.

ದುರಸ್ತಿ

ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ತಗ್ಗಿನಲ್ಲಿ ಹೋಗಿ ನಿಲ್ಲುತ್ತದೆ. ಆದ್ದರಿಂದ ಗ್ಯಾರೇಜಿನ ಗುಂಡಿಯ ಮೇಲೆ ಕಾರು ನಿಲ್ಲಿಸಿಕೊಂಡು ಈ ಕೆಲಸಕ್ಕೆ ಕೈಹಾಕಬಾರದು. ಬ್ಯಾಟರಿ ಕಳಚಿ, ಬಯಲಲ್ಲಿ ಮಾಡಬೇಕು. ಟ್ಯಾಂಕಿನ ಮಟ್ಟ ಪಂಪಿಗಿಂತ ಮೇಲಿದ್ದರೆ ಪೈಪು ಬಿಚ್ಚಿದ ಕ್ಷಣವೇ ಪೆಟ್ರೋಲು ಸುರಿಯತೊಡಗುತ್ತದೆ, ಅದನ್ನು ಮುಚ್ಚಲು ಬಿರಡೆಯೊಂದು ಕೈಗೆ ಸಿಗುವಂತಿರಲಿ.

ಪಾಯಿಂಟುಗಳ ಮೇಲಿನ ಪೊರೆಯನ್ನು ಗಟ್ಟಿ ಕಾಗದದ ಪಟ್ಟಿಯೊಂದನ್ನು ನಡುವೆ ಎಳೆದೇ ತೆಗೆಯಬಹುದು. ಸುಟ್ಟು ಕುಳಿ ಬಿದ್ದಿದ್ದರೆ ನವಿರಾದ ಉಪ್ಪು ಕಾಗದ ಒಂದೆರಡು ಸಲ ಕೆಲಸಕ್ಕೆ ಬಂದೀತು, ಆಮೇಲೆ ಹೊಸ ಪಾಯಿಂಟೇ ಗತಿ. ಪಾಯಿಂಟು ಸುಡಲು ಕಾರಣ ಕಾಯಿಲ್. ಕರೆಂಟು ಕಡಿದ ಕ್ಷಣ ಕಾಯಿಲಿನಲ್ಲಿ ಹುಟ್ಟುವ ಹೆಚ್ಚಿನ ವೋಲ್ಟೇಜು ಪಾಯಿಂಟುಗಳ ನಡುವೆ ಕಿಡಿಯಾಗಿ ಹಾರುತ್ತದೆ. ಅದನ್ನು ತಗ್ಗಿಸಲು ಎಸ್‌ಯು ಬೇರೆಬೇರೆ ಕಾಲದಲ್ಲಿ ಕೆಪಾಸಿಟರ್, ಡಯೋಡ್, ರೆಸಿಸ್ಟರ್ ಬಳಸಿತು, ಒಂದರ ಬದಲು ಎರಡು ಜೊತೆ ಪಾಯಿಂಟುಗಳನ್ನೂ ಕೊಟ್ಟಿತು. ಡಯೋಡ್ ಇರುವ ಪಂಪಿಗೆ ಧ್ರುವಭೇದವಿದೆ. ಎಂಜಿಬಿ 1967ರ ಕೊನೆಯವರೆಗೆ ಧನ ಅರ್ತ್ ಪದ್ಧತಿಯಲ್ಲಿತ್ತು (ಬ್ಯಾಟರಿಯ ಧನ ತುದಿ ಕಾರಿನ ಮೈಗೆ), ಆಮೇಲೆ ಋಣ ಅರ್ತ್ ಆಯಿತು; ಬೇರೆ ಕಾರಿನಿಂದ ಬಿಚ್ಚಿದ ಪಂಪು ಹಾಕುವವರು ಇದನ್ನು ನೋಡಿಕೊಳ್ಳಬೇಕು. ಬರಿಯ ಪಾಯಿಂಟು-ಕಾಯಿಲಿನ ಹಳೆಯ ಪಂಪಿಗೆ ಯಾವ ಅರ್ತ್ ಆದರೂ ನಡೆಯುತ್ತದೆ.

ಡಯಾಫ್ರಾಮ್ ಬದಲಿಸುವುದೇ ನಿಜವಾದ ಕೈಚಳಕದ ಕೆಲಸ. ಆರು ತಿರುಪುಗಳನ್ನು ಬಿಚ್ಚಿದರೆ ಪಂಪು ಎರಡಾಗುತ್ತದೆ. ಡಯಾಫ್ರಾಮನ್ನು ಕಡ್ಡಿಸಮೇತ ಅಪ್ರದಕ್ಷಿಣವಾಗಿ ತಿರುಗಿಸಿದರೆ ಕೈಗೆ ಬರುತ್ತದೆ, ಜೊತೆಗೆ ಹನ್ನೊಂದು ರೋಲರುಗಳೂ ಉದುರುತ್ತವೆ. ಕೆಳಗೆ ಬಟ್ಟೆ ಹಾಸಿರದಿದ್ದರೆ ಒಂದಾದರೂ ಕಳೆದುಹೋಗುವುದು ಖಂಡಿತ. ಹೊಸ ಡಯಾಫ್ರಾಮನ್ನು ತಿರುಗಿಸಿ ಒಳಗೆ ಕೂರಿಸುವಾಗ ಮಗುಚು ಸಾಧನ ಮಗುಚದೆ ನಿಲ್ಲುವಷ್ಟು ಬಿಗಿ ಮಾಡಬೇಕು. ನಂತರ ಡಯಾಫ್ರಾಮನ್ನು ಬೆರಳಿನಿಂದ ಒಂದೇ ಸಮನೆ ಒತ್ತುತ್ತ, ಬಿಡುತ್ತ, ಸ್ವಲ್ಪಸ್ವಲ್ಪವೇ ಸಡಿಲಿಸುತ್ತ ಹೋದರೆ ಒಂದು ಹಂತದಲ್ಲಿ ಸಾಧನ ಟಕ್ಕೆಂದು ಮಗುಚುತ್ತದೆ. ಅಲ್ಲಿಂದ ಹತ್ತಿರದ ತಿರುಪಿನ ತೂತಿಗೆ ಹೊಂದಿಸಿ, ಮತ್ತೆ ನಾಲ್ಕು ತೂತುಗಳಷ್ಟು, ಅಂದರೆ ಮೂರನೆಯ ಎರಡು ಸುತ್ತು ಸಡಿಲಿಸಬೇಕು. ಇದು ಎಸ್‌ಯು ಸಂಸ್ಥೆಯೇ ತನ್ನ ಕೈಪಿಡಿಗಳಲ್ಲಿ ಹೇಳಿದ ಕ್ರಮ. ಅಂದಾಜಿನಲ್ಲಿ ಜೋಡಿಸಿದ ಪಂಪು ಮೇಜಿನ ಮೇಲೆ ಚೆನ್ನಾಗಿ ಬಡಿದು ರಸ್ತೆಯಲ್ಲಿ ನಿಲ್ಲುತ್ತದೆ. ಡಯಾಫ್ರಾಮಿಗೆ ಗ್ಯಾಸ್ಕೆಟ್ ಅಂಟು ಬಳಿಯುವ ಅಭ್ಯಾಸ ನಮ್ಮ ಮೆಕ್ಯಾನಿಕ್‌ಗಳಲ್ಲಿದೆ. ಇಲ್ಲಿ ಅದು ಬೇಡ, ಅಂಟಿನ ಚೂರು ವಾಲ್ವಿಗೇ ಹೋಗಿ ಕೂರುತ್ತದೆ.

ಕೂಡಿಸಿದ ಮೇಲೆ ಕಾರ್ಬ್ಯುರೇಟರ್ ಕಡೆಯ ಪೈಪನ್ನು ಒಂದು ಡಬ್ಬಿಗೆ ಬಿಟ್ಟು ಹರಿವನ್ನು ಅಳೆಯಬೇಕು. ಎಯುಎಫ್ 300 ನಿಮಿಷಕ್ಕೆ ಒಂದು ಲೀಟರಿಗಿಂತ ತುಸು ಹೆಚ್ಚೇ ಕೊಡಬೇಕು. ಕೊಡದಿದ್ದರೆ ಹಿಂದೆ ಟ್ಯಾಂಕಿನತ್ತ ಹೋಗಬೇಕು. ದಶಕಗಳ ತುಕ್ಕಿನ ಪುಡಿ ಪಂಪಿನ ಜಾಲರಿಯಲ್ಲಿ ಕೆಂಪಗೆ ಕೂತಿದ್ದರೆ ಟ್ಯಾಂಕು ತೊಳೆಸದೆ ಮಾಡಿದ ದುರಸ್ತಿ ಹೆಚ್ಚು ದಿನ ಬಾಳುವುದಿಲ್ಲ.

ಬದಲಾವಣೆ

ಎಸ್‌ಯು ಹೆಸರು 1996ರಿಂದ ಇಂಗ್ಲೆಂಡಿನ ಸಾಲಿಸ್‌ಬರಿಯ ಬರ್ಲನ್ ಸಂಸ್ಥೆಯ ಕೈಯಲ್ಲಿದೆ. ಅದು ಹಳೆಯ ಮಾದರಿಗಳನ್ನೇ ಹೊಸದಾಗಿ ತಯಾರಿಸುತ್ತದೆ. ನೋಡಲು ಅದೇ ಪಂಪು, ಆದರೆ ಪಾಯಿಂಟಿನ ಜಾಗದಲ್ಲಿ ಎಲೆಕ್ಟ್ರಾನಿಕ್ ಸ್ವಿಚ್ ಇರುವ ಮಾದರಿಯೂ ಉಂಟು. ಕಾರನ್ನು ವರ್ಷದ ಬಹುಪಾಲು ನಿಲ್ಲಿಸಿಯೇ ಇಡುವವರಿಗೆ ಇದು ಒಳ್ಳೆಯ ಆಯ್ಕೆ, ಏಕೆಂದರೆ ಪೊರೆ ಕಟ್ಟಲು ಪಾಯಿಂಟೇ ಇಲ್ಲ. ವಾರವಾರವೂ ಓಡಿಸುವವರಿಗೆ ಪಾಯಿಂಟಿನ ಪಂಪೇ ಸಾಕು. ಅದು ಕೆಟ್ಟರೆ ರಸ್ತೆಬದಿಯಲ್ಲಿ ಸರಿಪಡಿಸಬಹುದು, ಎಲೆಕ್ಟ್ರಾನಿಕ್ ಕೆಟ್ಟರೆ ಸಾಧ್ಯವಿಲ್ಲ.

ಅಗ್ಗವೆಂದು ಅಮೆರಿಕದ ಫೇಸೆಟ್ ಪಂಪು ಹಾಕುವವರೂ ಇದ್ದಾರೆ. ತಪ್ಪೇನಿಲ್ಲ, ಒತ್ತಡ ಹೊಂದಬೇಕು ಅಷ್ಟೇ. ಸುಮಾರು 3 ಪಿಎಸ್ಐ ಒತ್ತಡಕ್ಕೆಂದು ಮಾಡಿದ ಸೂಜಿವಾಲ್ವಿನ ಮೇಲೆ 6 ಅಥವಾ 7 ಪಿಎಸ್ಐ ಹೇರಿದರೆ ಅದು ಮುಚ್ಚಿ ನಿಲ್ಲಲಾರದು, ಪೆಟ್ರೋಲು ಉಕ್ಕುತ್ತದೆ. ಎಂಜಿಬಿಯಲ್ಲಿ ಕಾರ್ಬ್ಯುರೇಟರುಗಳೂ ಸುಡುವ ಎಕ್ಸಾಸ್ಟ್ ಮ್ಯಾನಿಫೋಲ್ಡೂ ಎಂಜಿನ್ನಿನ ಒಂದೇ ಮಗ್ಗುಲಲ್ಲಿವೆ. ಉಕ್ಕಿದ ಪೆಟ್ರೋಲು ಎಲ್ಲಿ ಬೀಳುತ್ತದೆಂದು ಬೇರೆ ಹೇಳಬೇಕಿಲ್ಲ. ಜೊತೆಗೆ, ಸಾಮಾನ್ಯ ಎಲೆಕ್ಟ್ರಾನಿಕ್ ಪಂಪುಗಳು ಋಣ ಅರ್ತಿಗೆಂದೇ ಮಾಡಿದವು.

ಕಡಿಮೆ ಒತ್ತಡದ ಎಸ್‌ಯು ಪಂಪಿನ ಈ ಮಾತು ಎಲ್ಲ ಕಾರಿಗೂ ಒಪ್ಪುವುದಿಲ್ಲ. ಟ್ರಯಂಫ್ ಟಿಆರ್2ರಿಂದ ಟಿಆರ್4ರವರೆಗಿನ ಕಾರುಗಳಲ್ಲಿ ಎಂಜಿನ್ನಿನ ಕ್ಯಾಮ್‌ಶಾಫ್ಟೇ ಬಡಿದು ಓಡಿಸುವ ಎಸಿ ಪಂಪು ಇತ್ತು, ಕೈಯಿಂದ ಒತ್ತಿ ಪೆಟ್ರೋಲು ತುಂಬಿಸುವ ಸಣ್ಣ ಲಿವರಿನೊಂದಿಗೆ. 1961ರ ಜಾಗ್ವಾರ್ ಇ-ಟೈಪ್ 3.8ರಲ್ಲಿ ಲೂಕಾಸ್ ಪಂಪನ್ನು ಟ್ಯಾಂಕಿನೊಳಗೇ ಮುಳುಗಿಸಿಟ್ಟಿದ್ದರು, 1964ರಲ್ಲಿ 4.2 ಬಂದಾಗ ಕಂಪನಿಯೇ ಎಸ್‌ಯು ಪಂಪಿಗೆ ಮರಳಿತು. 1967ರ ಟ್ರಯಂಫ್ ಟಿಆರ್5ರ ಮತ್ತು ನಂತರದ ಟಿಆರ್6ರ ಲೂಕಾಸ್ ಇಂಜೆಕ್ಷನ್ ವ್ಯವಸ್ಥೆಗೆ 100 ಪಿಎಸ್ಐಗೂ ಮೀರಿದ ಒತ್ತಡ ಬೇಕು. ಅದರ ಮೂಲ ಪಂಪು ಬಿಸಿಲಿನಲ್ಲಿ, ಟ್ಯಾಂಕು ಅರ್ಧಕ್ಕಿಳಿದಾಗ ಕಾದು ಸೋಲುತ್ತದೆ. ಅಲ್ಲಿ ಮೂಲವಸ್ತುವಿನ ಮೋಹ ಬಿಟ್ಟು ಬಾಷ್ ಪಂಪು ಹಾಕಿಸುವುದೇ ಬುದ್ಧಿವಂತಿಕೆ, ಹೆಚ್ಚಿನವರು ಮಾಡುವುದೂ ಅದನ್ನೇ.

ಭಾರತದಲ್ಲಿ

ಎಂಜಿಎ, ಎಂಜಿಬಿಗಳಲ್ಲಿದ್ದ ಬಿಎಂಸಿ ‘ಬಿ ಸೀರೀಸ್’ ಎಂಜಿನ್ನಿನ ಕುಟುಂಬಕ್ಕೇ ಸೇರಿದ 1489 ಸಿಸಿ ಎಂಜಿನ್ ನಮ್ಮ ಅಂಬಾಸಡರಿನಲ್ಲೂ ಇತ್ತು. ಆದ್ದರಿಂದ ಈ ಕಾರುಗಳ ಸ್ವಭಾವ ಇಲ್ಲಿಯ ಹಳೆಯ ಮೆಕ್ಯಾನಿಕ್‌ಗಳಿಗೆ ಹೊಸದಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರ ಜುಲೈನಲ್ಲಿ ಬಂದ ತಿದ್ದುಪಡಿಯ ಪ್ರಕಾರ 50 ವರ್ಷ ದಾಟಿದ ವಾಹನ ವಿಂಟೇಜ್ ಎನಿಸುತ್ತದೆ, ‘ವಿಎ’ ಅಕ್ಷರಗಳಿರುವ ಸಂಖ್ಯೆ ಪಡೆಯಬಹುದು. ಬ್ರಿಟನ್ನಿನಲ್ಲಿ 1934ರಲ್ಲಿ ಹುಟ್ಟಿದ ವಿಂಟೇಜ್ ಸ್ಪೋರ್ಟ್ಸ್ ಕಾರ್ ಕ್ಲಬ್ ಈ ಹೆಸರನ್ನು 1930ರವರೆಗಿನ ಕಾರುಗಳಿಗಷ್ಟೇ ಮೀಸಲಿಟ್ಟಿದೆ. ಭಾರತದ ನಿಯಮ ಚಾಸಿಸ್, ಬಾಡಿ, ಎಂಜಿನ್ ಮೂಲರೂಪದಲ್ಲಿರಬೇಕೆನ್ನುತ್ತದೆ. ಪಂಪಿನ ಹೆಸರು ಅದರಲ್ಲಿಲ್ಲ. ಆದರೂ ಬದಲಿಸಿದವರು ಹಳೆಯ ಪಂಪನ್ನು ಗುಜರಿಗೆ ಹಾಕದಿರುವುದು ಒಳ್ಳೆಯದು.

ಇಂದಿನ ದೊಡ್ಡ ತೊಡಕು ಪೆಟ್ರೋಲಿನದೇ. ಶೇ. 20 ಎಥನಾಲ್ ಬೆರೆಸಿದ ಇ20 ಪೆಟ್ರೋಲಿನ ಮಾರಾಟಕ್ಕೆ ಚಾಲನೆ ಸಿಕ್ಕಿದ್ದು 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ. ಎಥನಾಲ್ ಹಳೆಯ ಕಾಲದ ರಬ್ಬರನ್ನು, ಕಾರ್ಕನ್ನು ಮೆದುವಾಗಿಸುತ್ತದೆ, ಟ್ಯಾಂಕಿನ ಗೋಡೆಗೆ ಅಂಟಿದ್ದ ಜಿಡ್ಡನ್ನು ಬಿಡಿಸಿ ಪಂಪಿಗೆ ಕಳಿಸುತ್ತದೆ. ಗಾಳಿಯ ತೇವವನ್ನೂ ಹೀರುತ್ತದೆ. ಮಳೆಗಾಲವಿಡೀ ನಿಂತ ಕಾರಿನಲ್ಲಿ ನೀರು ಬೆರೆತ ಎಥನಾಲ್ ಬೇರ್ಪಟ್ಟು ತಳಕ್ಕೆ ಇಳಿಯಬಹುದು, ಪಂಪು ಮೊದಲು ಎಳೆದುಕೊಳ್ಳುವುದು ಅದನ್ನೇ. ಎಥನಾಲ್ ತಾಳುವ ಡಯಾಫ್ರಾಮ್, ವಾಷರ್‌ಗಳಿರುವ ದುರಸ್ತಿ ಕಿಟ್‌ಗಳು ಈಗ ದೊರೆಯುತ್ತವೆ. ಹೋಸೂ ಎಥನಾಲ್ ತಾಳುವಂಥದೇ ಎಂದು ತಿಳಿಯಲು ಅದರ ಮೇಲೆ ‘ಆರ್9’ ಎಂಬ ಅಚ್ಚು ಇದೆಯೇ ನೋಡಿ ಕೊಳ್ಳಬೇಕು. ಅಂಗಡಿಯಲ್ಲಿ ಮೀಟರಿನ ಲೆಕ್ಕದಲ್ಲಿ ಕತ್ತರಿಸಿ ಕೊಡುವ, ಅಚ್ಚಿಲ್ಲದ ಕಪ್ಪು ಹೋಸನ್ನು ಹಾಕಿಸಬಾರದು.

ವಿದ್ಯುತ್ ಪಂಪಿಗೆ ಒಂದು ಹುಟ್ಟುಗುಣವಿದೆ: ಕಾರು ಡಿಕ್ಕಿ ಹೊಡೆದು ಎಂಜಿನ್ ನಿಂತರೂ ಕೀಲಿ ಆರಿಸುವವರೆಗೆ ಅದು ಪೆಟ್ರೋಲು ತಳ್ಳುತ್ತಲೇ ಇರುತ್ತದೆ, ಪೈಪು ತುಂಡಾಗಿದ್ದರೂ. ಹಳೆಯ ಎಂಜಿಗಳಲ್ಲಿ ಇದಕ್ಕೆ ತಡೆಯಿರಲಿಲ್ಲ. ಅಪಘಾತದ ಹೊಡೆತಕ್ಕೆ ತಾನೇ ಕರೆಂಟು ಕಡಿಯುವ ಇನರ್ಷಿಯಾ ಸ್ವಿಚ್ಚನ್ನು ಬಿಳಿ ತಂತಿಯ ನಡುವೆ ಸುಲಭವಾಗಿ ಸೇರಿಸಬಹುದು. ಪಂಪಿಗೆ ಹಣ ಖರ್ಚು ಮಾಡುವ ಮುನ್ನ ಈ ಸ್ವಿಚ್ಚನ್ನೂ ಹೊಸ ಹೋಸುಗಳನ್ನೂ ಹಾಕಿಸಿಕೊಳ್ಳಿ.